ಅಕ್ರಿಲಿಕ್ ಶೀಟಿನ ಅಂಚು ತಿದ್ದುವುದು, ಹೊಳಪು ಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾಮಫಲಕ, ಫೋಟೋ ಸ್ಟ್ಯಾಂಡು, ಅಂಗಡಿಗೆ ಬೇಕಾದ ಡಿಸ್‌ಪ್ಲೇ ಡಬ್ಬಿ ಮಾಡುವುದು ನನ್ನ ಕೆಲಸ. ಕೇಳುವವರು ಯಾರೇ ಇರಲಿ, ಮಾತು ಸುತ್ತಿ ಬಳಸಿ ಅಂಚಿಗೇ ಬಂದು ನಿಲ್ಲುತ್ತದೆ. ಶೀಟಿನ ಮುಖ ಕಾರ್ಖಾನೆಯಿಂದಲೇ ಫಳಫಳ ಹೊಳೆಯುತ್ತ ಬರುತ್ತದೆ. ಅದರಲ್ಲಿ ನಮ್ಮ ಕೈಚಳಕ ಏನೂ ಇಲ್ಲ. ನಾವು ಮಾಡಿದ ಕೆಲಸ ಕಾಣುವುದು ಅಂಚಿನಲ್ಲಿ ಮಾತ್ರ. ಫೋನಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ಕೂಡ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ನನ್ನ ಹತ್ತಿರ ಇರುವುದು ಅಕ್ರಿಲಿಕ್ಕೋ, ಬೇರೆ ಪ್ಲಾಸ್ಟಿಕ್ಕೋ? ಹೇಗೆ ಗೊತ್ತಾಗುತ್ತದೆ?

ಮೊದಲು ಇದು ಗೊತ್ತಾಗಲೇಬೇಕು. ಪಾರದರ್ಶಕ ಶೀಟು ಅಂದರೆ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು: ಅಕ್ರಿಲಿಕ್, ಪಾಲಿಕಾರ್ಬೊನೇಟ್, ಪಿವಿಸಿ. ನೋಡಲು ಅಣ್ಣತಮ್ಮಂದಿರ ಹಾಗೆ. ಅಂಚಿನ ಕೆಲಸದಲ್ಲಿ ಮಾತ್ರ ಒಬ್ಬರ ದಾರಿ ಇನ್ನೊಬ್ಬರಿಗೆ ಆಗುವುದಿಲ್ಲ.

ಒಂದು ಸಣ್ಣ ತುಂಡನ್ನು ಬಗ್ಗಿಸಿ ನೋಡಿ. ಅಕ್ರಿಲಿಕ್ ಸ್ವಲ್ಪ ಬಾಗಿ ಚಟ್ ಎಂದು ಮುರಿಯುತ್ತದೆ. ಪಾಲಿಕಾರ್ಬೊನೇಟ್ ಮುರಿಯುವುದಿಲ್ಲ, ಮಡಚಿಕೊಳ್ಳುತ್ತದೆ. ಕಣ್ಣಿಗೆ ಚೂರು ಹಾರದಂತೆ ಕನ್ನಡಕ ಹಾಕಿಕೊಂಡು, ತುಂಡನ್ನು ಬಟ್ಟೆಯಲ್ಲಿ ಸುತ್ತಿ ಮಾಡಿ.

ಇನ್ನೂ ಅನುಮಾನವಿದ್ದರೆ ಬಯಲಿನಲ್ಲಿ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಅಕ್ರಿಲಿಕ್ ಬೆಂಕಿ ತೆಗೆದರೂ ಉರಿಯುತ್ತಲೇ ಇರುತ್ತದೆ, ಹಣ್ಣಿನಂಥ ಒಂದು ಘಾಟು ವಾಸನೆ ಬರುತ್ತದೆ. ಪಾಲಿಕಾರ್ಬೊನೇಟ್ ಕಪ್ಪು ಮಸಿ ಹೊಗೆ ಬಿಟ್ಟು, ಬೆಂಕಿ ತೆಗೆದರೆ ತಾನೂ ಆರುತ್ತದೆ. ಪಿವಿಸಿ ಕೂಡ ಆರುತ್ತದೆ. ಆದರೆ ಅದರ ಹೊಗೆ ಮೂಗಿಗೆ ಚುಚ್ಚುತ್ತದೆ, ಅದರಲ್ಲಿ ಆಮ್ಲ ಇರುತ್ತದೆ. ಮೂಗು ಹತ್ತಿರ ಒಯ್ಯಬೇಡಿ.

ಗಾಜಿಗೂ ಅಕ್ರಿಲಿಕ್‌ಗೂ ವ್ಯತ್ಯಾಸ ಅಂಚಿನಲ್ಲೇ ಕಾಣುತ್ತದೆ. ಸಾಧಾರಣ ಗಾಜಿನ ಅಂಚು ಹಸಿರು, ಅದರಲ್ಲಿರುವ ಕಬ್ಬಿಣದ ಅಂಶದಿಂದ. ಅಕ್ರಿಲಿಕ್ ಅಂಚಿಗೆ ಹಸಿರು ಇರುವುದಿಲ್ಲ. ತೂಕವೂ ಗಾಜಿನ ಅರ್ಧಕ್ಕಿಂತ ಕಡಿಮೆ. 8x4 ಅಡಿಯ 3 ಎಂಎಂ ಅಕ್ರಿಲಿಕ್ ಶೀಟು ಹತ್ತೂವರೆ ಕೆಜಿ ಆಸುಪಾಸು ತೂಗುತ್ತದೆ.

ಕೆಳಗೆ ಬೇರೆ ಹೆಸರು ಹೇಳದಿದ್ದರೆ ಅಕ್ರಿಲಿಕ್ ಬಗ್ಗೆಯೇ ಮಾತಾಡುತ್ತಿದ್ದೇನೆ ಅಂದುಕೊಳ್ಳಿ.

ಅಂಗಡಿಯವರು "ಕಾಸ್ಟ್ ಬೇಕಾ, ಎಕ್ಸ್‌ಟ್ರೂಡೆಡ್ ಬೇಕಾ" ಅಂತ ಕೇಳುತ್ತಾರೆ. ಅಂಚಿಗೂ ಅದಕ್ಕೂ ಏನು ಸಂಬಂಧ?

ತುಂಬಾ ಇದೆ. ಕಾಸ್ಟ್ ಅಂದರೆ ಎರಡು ಗಾಜಿನ ಹಲಗೆ ನಡುವೆ ದ್ರವ ಸುರಿದು ಗಟ್ಟಿ ಮಾಡಿದ್ದು. ಎಕ್ಸ್‌ಟ್ರೂಡೆಡ್ ಅಂದರೆ ಚಕ್ಕುಲಿ ಒರಳಿನಿಂದ ಒತ್ತಿದ ಹಾಗೆ, ಕರಗಿದ ಪ್ಲಾಸ್ಟಿಕ್ಕನ್ನು ಒಂದೇ ಸಮ ಹೊರಗೆ ತಳ್ಳಿ ಮಾಡಿದ್ದು.

ಗರಗಸ ಹಾಕಿದಾಗ ಕಾಸ್ಟ್ ಒಣ ಪುಡಿ, ಚಕ್ಕೆ ಬಿಡುತ್ತದೆ. ಎಕ್ಸ್‌ಟ್ರೂಡೆಡ್ ಬೇಗ ಮೆತ್ತಗಾಗುತ್ತದೆ, ನೂಲು ನೂಲಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಬಫ್ (ಹೊಳಪು ಕೊಡಲು ಮೋಟರಿಗೆ ಹಾಕಿ ತಿರುಗಿಸುವ ಬಟ್ಟೆಯ ಚಕ್ರ) ಹಿಡಿದರೂ ಅದೇ ಕಥೆ, ಸ್ವಲ್ಪ ಜಾಸ್ತಿ ಒತ್ತಿದರೆ ಅಂಚು ಕಲಸಿ ಹೋಗುತ್ತದೆ. ಕೈಯಲ್ಲಿ ಮಾಡುವವರಿಗೆ ನಾನು ಹೇಳುವುದು ಕಾಸ್ಟ್.

ಕಾಸ್ಟ್‌ನಲ್ಲಿ ಒಂದು ತೊಂದರೆ ಉಂಟು. ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. 5 ಎಂಎಂ ಅಂತ ತಂದದ್ದು ಒಂದು ಮೂಲೆಯಲ್ಲಿ 4.6 ಇರಬಹುದು. ಎಕ್ಸ್‌ಟ್ರೂಡೆಡ್‌ನಲ್ಲಿ ದಪ್ಪ ಹೆಚ್ಚು ಸಮ. ಡಬ್ಬಿ ಮಾಡುವವರು ಕತ್ತರಿಸುವ ಮೊದಲು ಕ್ಯಾಲಿಪರ್ ಹಿಡಿದು ದಪ್ಪ ಅಳೆಯಿರಿ.

ಶೀಟು ಇಷ್ಟು ತಿಳಿಯಾಗಿದೆ. ಕತ್ತರಿಸಿದ ಅಂಚು ಮಾತ್ರ ಯಾಕೆ ಬೆಳ್ಳಗೆ, ಮಂಕಾಗಿ ಕಾಣುತ್ತದೆ?

ಗರಗಸದ ಹಲ್ಲಿನ ಗೀರುಗಳು. ಸಾವಿರಾರು ಸಣ್ಣ ಗೀರು ಬೆಳಕನ್ನು ಹತ್ತು ದಿಕ್ಕಿಗೆ ಚೆದುರಿಸುತ್ತವೆ, ಕಣ್ಣಿಗೆ ಬಿಳಿ ಕಾಣುತ್ತದೆ. ಪುಡಿ ಮಾಡಿದ ಕಲ್ಲುಸಕ್ಕರೆ ಬೆಳ್ಳಗೆ ಕಾಣುವುದಿಲ್ಲವಾ, ಅದೇ ಲೆಕ್ಕ.

ಆ ಅಂಚಿಗೆ ಒಂದು ಹನಿ ನೀರು ಸವರಿ. ತಟ್ಟನೆ ತಿಳಿಯಾಗುತ್ತದೆ. ನೀರು ಗೀರುಗಳನ್ನು ತುಂಬಿತು, ಅಷ್ಟೆ. ಇದರಿಂದಲೇ ಹೊಸಬರು ಮೋಸ ಹೋಗುವುದು. ನೀರು ಹಾಕಿ ಉಜ್ಜುವಾಗ ಅಂಚು ಚೆಂದ ಕಾಣುತ್ತದೆ, ಸಾಕು ಅಂತ ನಿಲ್ಲಿಸುತ್ತಾರೆ. ಒಣಗಿದ ಮೇಲೆ ಮತ್ತೆ ಬಿಳಿ. ಪ್ರತಿ ಸಲ ಒರೆಸಿ, ಒಣಗಿಸಿ ನೋಡಿ.

ಮನೆಯಲ್ಲಿ ಯಂತ್ರ ಇಲ್ಲ. ಕತ್ತರಿಸುವುದು ಹೇಗೆ?

3 ಎಂಎಂ ತನಕ ಕೊಕ್ಕೆ ಮೂತಿಯ ಅಕ್ರಿಲಿಕ್ ಕಟರ್ ಸಾಕು. ಹ್ಯಾಕ್ಸಾ ಬ್ಲೇಡಿನ ತುಂಡನ್ನು ಕೊಕ್ಕೆಯಾಗಿ ಮಸೆದುಕೊಂಡು ಕೆಲಸ ಮಾಡುವವರೂ ಇದ್ದಾರೆ. ಉಕ್ಕಿನ ಸ್ಕೇಲ್ ಇಟ್ಟು, ಒಂದೇ ಗೆರೆಯ ಮೇಲೆ ಎಂಟು ಹತ್ತು ಸಲ ಎಳೆಯಿರಿ. ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು, ಒಂದೇ ಏಟಿಗೆ ಕೆಳಗೆ ಒತ್ತಿ. ಹಿಂದೆ ಮುಂದೆ ನೋಡುತ್ತ ಮೆಲ್ಲಗೆ ಒತ್ತಿದರೆ ಬಿರುಕು ತನಗೆ ಬೇಕಾದ ಕಡೆ ಹೋಗುತ್ತದೆ.

ಇನ್ನೂ ದಪ್ಪದ್ದಕ್ಕೆ ಹ್ಯಾಕ್ಸಾ ಅಥವಾ ಜಿಗ್‌ಸಾ. ಸಣ್ಣ ಹಲ್ಲಿನ ಬ್ಲೇಡು ಹಾಕಿ, ಶೀಟಿಗೆ ಕೆಳಗಿಂದ ಪ್ಲೈವುಡ್ ಆಧಾರ ಕೊಡಿ. ಶೀಟು ನಡುಗಿದರೆ ಅಂಚು ಚಕ್ಕೆ ಏಳುತ್ತದೆ. ಟೇಬಲ್ ಸಾ ಇರುವವರು 10 ಇಂಚಿಗೆ 60ರಿಂದ 80 ಹಲ್ಲಿರುವ, ಮೂರು ಮೂಲೆ ಮಸೆದ ಕಾರ್ಬೈಡ್ ಬ್ಲೇಡು ಹಾಕಿಕೊಳ್ಳಿ. ಮರಕ್ಕೆ ಬಳಸಿ ಮೊಂಡಾದ ಬ್ಲೇಡು ಬೇಡವೇ ಬೇಡ. ಅದು ಕತ್ತರಿಸುವುದಿಲ್ಲ, ಕರಗಿಸುತ್ತದೆ.

ಯಾವುದರಲ್ಲೇ ಕತ್ತರಿಸಿ, ಅಳತೆಗಿಂತ ಅರ್ಧ ಎಂಎಂನಿಂದ ಒಂದು ಎಂಎಂ ಜಾಸ್ತಿ ಬಿಡಿ. ಅಂಚು ತಿದ್ದುವಾಗ ಅದು ಹೋಗುತ್ತದೆ.

ಕತ್ತರಿಸಿದ ಕೂಡಲೇ ಎಮರಿ ಪೇಪರ್ ಹಿಡಿದು ಕೂತೆ. ಎರಡು ಗಂಟೆ ಉಜ್ಜಿದರೂ ಗೀರು ಹೋಗಲಿಲ್ಲ. ಏನು ತಪ್ಪಾಯಿತು?

ಒಂದು ಮೆಟ್ಟಿಲು ಹಾರಿದಿರಿ. ಗಿಲಾವು ಸರಿ ಮಾಡದೆ ಗೋಡೆಗೆ ಬಣ್ಣ ಬಳಿದ ಹಾಗೆ ಆಯಿತು.

ಗರಗಸದ ಗೀರು ಆಳ. ಅದನ್ನು ಪೇಪರಿನಲ್ಲಿ ತೆಗೆಯುವುದು ಕೈನೋವಿಗೆ ದಾರಿ. ಮೊದಲು ಹೆರೆಯಬೇಕು. ಇದಕ್ಕೆ ಹಳೇ ಹ್ಯಾಕ್ಸಾ ಬ್ಲೇಡಿನ ಬೆನ್ನು ಸಾಕು, ಹಲ್ಲಿನ ಕಡೆ ಅಲ್ಲ. ಬೆನ್ನನ್ನು ಗ್ರೈಂಡರಿನಲ್ಲಿ ಮಟ್ಟವಾಗಿ, ಮೂಲೆ ಚೂಪಾಗಿ ಮಸೆದುಕೊಳ್ಳಿ. ಹಲ್ಲಿಗೆ ದಪ್ಪ ಟೇಪು ಸುತ್ತಿ, ಇಲ್ಲದಿದ್ದರೆ ಅಂಗೈ ಕೊಯ್ಯುತ್ತದೆ. ಶೀಟನ್ನು ನೆಟ್ಟಗೆ ವೈಸಿನಲ್ಲಿ ಹಿಡಿಸಿ. ವೈಸಿನ ದವಡೆಗೆ ಮರದ ಪಟ್ಟಿ ಇಡುವುದು ಮರೆಯಬೇಡಿ. ಬ್ಲೇಡನ್ನು ಸ್ವಲ್ಪ ವಾಲಿಸಿ, ಎರಡು ಕೈಯಲ್ಲಿ ಹಿಡಿದು, ಅಂಚಿನ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಎಳೆಯಿರಿ. ನಡುವೆ ನಿಲ್ಲಿಸಿದರೆ ಅಲ್ಲೊಂದು ಗುಂಡಿ.

ಕೈ ಪಳಗಿದ ಮೇಲೆ ತೆಂಗಿನಕಾಯಿ ತುರಿಗಿಂತ ತೆಳ್ಳಗೆ, ಉದ್ದುದ್ದ ಸುರುಳಿ ಬರುತ್ತದೆ. ಆ ಸುರುಳಿ ಬಂದರೆ ನಿಮ್ಮ ಬ್ಲೇಡು ಸರಿ ಇದೆ. ಪುಡಿ ಬಂದರೆ ಮತ್ತೆ ಮಸೆಯಿರಿ. ಹತ್ತು ಹದಿನೈದು ಸಲ ಎಳೆಯುವಷ್ಟರಲ್ಲಿ ಗರಗಸದ ಗೀರೆಲ್ಲ ಮಾಯ. ಮೂಲೆಮಟ್ಟ ಇಟ್ಟು ಅಂಚು 90 ಡಿಗ್ರಿ ಇದೆಯಾ ನೋಡಿ. ಈ ಹಂತದಲ್ಲಿ ಇಲ್ಲದ ನೇರ ಮುಂದೆ ಯಾವ ಹಂತದಲ್ಲೂ ಬರುವುದಿಲ್ಲ. ಪಾಲಿಶ್ ಹೊಸದೇನನ್ನೂ ಕೊಡುವುದಿಲ್ಲ, ಇರುವುದನ್ನು ಎತ್ತಿ ತೋರಿಸುತ್ತದೆ. ಉಬ್ಬು ತಗ್ಗು ಇದ್ದರೆ ಹೊಳಪು ಬಂದ ಮೇಲೇ ಅದು ಚೆನ್ನಾಗಿ ಕಾಣುವುದು!

ನನ್ನ ಕೆಲಸದಲ್ಲಿ ಅರ್ಧಕ್ಕರ್ಧ ಸಮಯ ಹೆರೆಯುವುದಕ್ಕೇ ಹೋಗುತ್ತದೆ. ಯಾರೂ ಅದನ್ನು ನೋಡಿ ಭೇಷ್ ಅನ್ನುವುದಿಲ್ಲ.

ಎಮರಿ ಪೇಪರ್ ಯಾವ ನಂಬರಿನಿಂದ ಶುರು ಮಾಡಬೇಕು?

ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು. ಚೆನ್ನಾಗಿ ಹೆರೆದಿದ್ದರೆ 320 ಅಥವಾ 400. ಹೆರೆಯದೆ ಬಂದಿದ್ದರೆ 180, 220ರಿಂದ. ಆಮೇಲೆ 600, 800, 1000. ಬಫ್ ಇಲ್ಲದವರು 1500, 2000 ತನಕ ಹೋಗಿ.

400ರಿಂದ ಮೇಲೆ ಕಪ್ಪು ವಾಟರ್ ಪೇಪರ್ ತಗೊಳ್ಳಿ. ಬಟ್ಟಲಿನಲ್ಲಿ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಪೇಪರನ್ನು ಬರಿಗೈಯಲ್ಲಿ ಹಿಡಿದರೆ ಅಂಚು ದುಂಡಗಾಗುತ್ತದೆ. ಮಟ್ಟವಾದ ಮರದ ತುಂಡಿಗೆ ಸುತ್ತಿ. ನಾನು ಒಂದು ಹಳೇ ಟೈಲ್ಸಿನ ಮೇಲೆ ಪೇಪರ್ ಹರಡಿ, ಸಣ್ಣ ತುಂಡಾದರೆ ತುಂಡನ್ನೇ ಅದರ ಮೇಲೆ ಉಜ್ಜುತ್ತೇನೆ.

ಒಂದು ಉಪಾಯ ಹೇಳುತ್ತೇನೆ. ಒಂದು ನಂಬರಿನಲ್ಲಿ ಅಂಚಿನ ಉದ್ದಕ್ಕೆ ಉಜ್ಜಿದರೆ, ಮುಂದಿನದರಲ್ಲಿ ಸ್ವಲ್ಪ ಓರೆಗೆ ಉಜ್ಜಿ. ಹಳೇ ಗೀರು ಯಾವುದು, ಹೊಸದು ಯಾವುದು ಅಂತ ಆಗ ಗೊತ್ತಾಗುತ್ತದೆ. ಹಳೇದು ಒಂದೂ ಉಳಿಯದಿದ್ದಾಗ ಮಾತ್ರ ಮುಂದಕ್ಕೆ. ನಂಬರ್ ಬದಲಿಸುವಾಗ ಕೈ, ತುಂಡು, ನೀರು ಮೂರೂ ತೊಳೆಯಿರಿ. 220ರ ಒಂದು ಹರಳು 1000ದ ಪೇಪರಿಗೆ ಸೇರಿಕೊಂಡರೆ ಪಾಯಸದಲ್ಲಿ ಕಲ್ಲು ಸಿಕ್ಕಿದ ಹಾಗೆ.

ಟೂತ್‌ಪೇಸ್ಟಿನಿಂದ ಹೊಳಪು ಬರುತ್ತದಾ?

ಬರುತ್ತದೆ, 2000 ಪೇಪರ್ ಆದ ಮೇಲೆ. ಬಿಳಿ ಪೇಸ್ಟು, ಜೆಲ್ ಅಲ್ಲ. ಮೆತ್ತನೆಯ ಬನಿಯನ್ ಬಟ್ಟೆಯಲ್ಲಿ ಉಜ್ಜಿ. ಆಟೋ ಬಿಡಿಭಾಗದ ಅಂಗಡಿಯ ರಬ್ಬಿಂಗ್ ಕಾಂಪೌಂಡ್ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಕೆಲವದರಲ್ಲಿ ಅಕ್ರಿಲಿಕ್‌ಗೆ ಆಗದ ದ್ರಾವಕ ಇರುತ್ತದೆ, ಮೊದಲು ಚೂರಿನ ಮೇಲೆ ಹಚ್ಚಿ ಒಂದು ದಿನ ಬಿಟ್ಟು ನೋಡಿ.

ಬಫ್ ಮೋಟರ್ ತಗೊಂಡರೆ ಯಾವುದು?

1440 ಆರ್‌ಪಿಎಂ. 8 ಇಂಚಿನ ಚಕ್ರ ಹಾಕಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ, ಅಕ್ರಿಲಿಕ್‌ಗೆ ಅದು ಹದ. ಗ್ರೈಂಡರಿನ 2880 ಮೋಟರಿಗೆ ಅದೇ ಚಕ್ರ ಹಾಕಿದರೆ ವೇಗ ಎರಡರಷ್ಟು. ಅಂಚು ಕಣ್ಣೆದುರೇ ಕರಗುತ್ತದೆ.

ಚಕ್ರ ಸಡಿಲ ಹತ್ತಿಯದ್ದಾಗಿರಲಿ, ಒತ್ತಾಗಿ ಹೊಲಿದದ್ದು ಬೇಡ. ಸ್ಟೀಲು, ಹಿತ್ತಾಳೆಗೆ ಬಳಸಿದ ಚಕ್ರ ಇದಕ್ಕೆ ಬೇಡವೇ ಬೇಡ. ಪ್ಲಾಸ್ಟಿಕ್ಕಿಗೆ ಅಂತ ಸಿಗುವ ಬಿಳಿ ಪಾಲಿಶ್ ಬತ್ತಿಯನ್ನು ಚಕ್ರಕ್ಕೆ ಹಚ್ಚಿ, ಸ್ವಲ್ಪವೇ. ತುಂಡನ್ನು ಚಕ್ರದ ಕೆಳ ಅರ್ಧಕ್ಕೆ ತಾಗಿಸಿ, ಒಂದೇ ಕಡೆ ನಿಲ್ಲದೆ ಆಡಿಸುತ್ತ ಇರಿ. ಮೇಲಿನ ಮೂಲೆಯನ್ನು ಚಕ್ರಕ್ಕೆ ಎದುರಾಗಿ ಕೊಟ್ಟರೆ ಕೈಯಿಂದ ಕಿತ್ತು ಎಸೆಯುತ್ತದೆ. ನಮ್ಮ ಅಂಗಡಿಯ ಹಿಂದಿನ ಗೋಡೆಯಲ್ಲಿ ಹಾಗೆ ಬಿದ್ದ ಗಾಯ ಇನ್ನೂ ಇದೆ. ಗೋಡೆಗೆ ಬಿತ್ತು ಅನ್ನುವುದೇ ಪುಣ್ಯ.

ಬೆಂಕಿಯಲ್ಲಿ ಪಾಲಿಶ್ ಮಾಡುತ್ತಾರಲ್ಲ, ಎರಡೇ ಸೆಕೆಂಡಿನಲ್ಲಿ ಗಾಜಿನ ಹಾಗೆ ಆಗುತ್ತದೆ. ಅದನ್ನೇ ಎಲ್ಲದಕ್ಕೂ ಮಾಡಬಾರದಾ?

ನೋಡಲು ಇದರಷ್ಟು ಚೆಂದದ ಕೆಲಸ ಇನ್ನೊಂದಿಲ್ಲ. ಮಂಕು ಅಂಚಿನ ಮೇಲೆ ಜ್ವಾಲೆ ಹಾಯುತ್ತದೆ, ಹಿಂದೆಯೇ ಅಂಚು ಕನ್ನಡಿಯಾಗುತ್ತ ಬರುತ್ತದೆ. ಅದಕ್ಕೇ ಎಲ್ಲರೂ ಮರುಳಾಗುವುದು.

ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗುತ್ತದೆ. ಜ್ವಾಲೆ ಅಂಚಿನ ತೀರ ಮೇಲ್ಪದರವನ್ನು ಮಾತ್ರ ಕರಗಿಸುತ್ತದೆ, ಕರಗಿದ ಪದರ ತಾನಾಗಿ ನುಣುಪಾಗುತ್ತದೆ. ಇದಕ್ಕೆ ಸಣ್ಣ, ಬಿಸಿಯಾದ, ಮಸಿ ಇಲ್ಲದ ಜ್ವಾಲೆ ಬೇಕು. ಹೈಡ್ರೋಜನ್ ಆಕ್ಸಿಜನ್ ಸೇರಿದ ಜ್ವಾಲೆಯೇ ಇದಕ್ಕೆ ಉತ್ತಮ. ನೀರಿನಿಂದಲೇ ಆ ಗ್ಯಾಸು ಮಾಡಿಕೊಳ್ಳುವ ಯಂತ್ರಗಳು ಸಿಗುತ್ತವೆ. ಅಡುಗೆ ಗ್ಯಾಸಿನ ಟಾರ್ಚು ಆಗುವುದಿಲ್ಲ. ಜ್ವಾಲೆ ಅಗಲ, ಮಸಿ ಹಿಡಿಯುತ್ತದೆ, ಅಂಚಿನ ಜೊತೆಗೆ ಶೀಟಿನ ಮುಖವೂ ಅಲೆ ಅಲೆಯಾಗುತ್ತದೆ.

ಮಾಡುವ ಬಗೆ ಇಷ್ಟು. ಅಂಚನ್ನು ಹೆರೆದು 400 ಪೇಪರ್ ತನಕ ತನ್ನಿ. ಬೆವರು, ಎಣ್ಣೆ ಇಲ್ಲದಂತೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಶೀಟಿನ ಮುಖಕ್ಕೆ ಅಂಟಿಕೊಂಡು ಬರುವ ಹೊದಿಕೆ ಕಾಗದವನ್ನು ಅಂಚಿನಿಂದ ಒಂದು ಬೆರಳು ಅಗಲ ಹಿಂದಕ್ಕೆ ಸುಲಿಯಿರಿ. ಜ್ವಾಲೆಯನ್ನು ಸೆಕೆಂಡಿಗೆ ಮೂರು ನಾಲ್ಕು ಇಂಚಿನ ವೇಗದಲ್ಲಿ ಹಾಯಿಸಿ. ಒಂದೇ ಸಲಕ್ಕೆ ಆಗದಿದ್ದರೆ ತಣಿಯಲು ಬಿಟ್ಟು ಇನ್ನೊಮ್ಮೆ. ನಿಧಾನ ಮಾಡಿದರೆ ಗುಳ್ಳೆ. ನಿಲ್ಲಿಸಿದರೆ ಬೆಂಕಿಯೇ ಹತ್ತಿಕೊಳ್ಳುತ್ತದೆ, ಅಕ್ರಿಲಿಕ್ ಚೆನ್ನಾಗಿ ಉರಿಯುವ ವಸ್ತು. ಹೈಡ್ರೋಜನ್ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಪಕ್ಕದಲ್ಲಿ ಬಕೆಟ್ ನೀರು ಇರಲಿ, ಮಕ್ಕಳು ಇರಬಾರದು.

ಹಾಗಾದರೆ ಎಲ್ಲದಕ್ಕೂ ಯಾಕೆ ಬೇಡ? ಮುಂದಿನ ಪ್ರಶ್ನೆ ನೋಡಿ.

ಪಾಲಿಶ್ ಮಾಡಿದ ದಿನ ಚೆನ್ನಾಗಿತ್ತು. ಮಾರನೇ ದಿನ ಅಂಚಿನ ತುಂಬ ಕೂದಲಿನಂಥ ಬಿರುಕು. ಶೀಟು ಡೂಪ್ಲಿಕೇಟಾ?

ಶೀಟಿನ ತಪ್ಪಲ್ಲ. ನನಗೂ ಹೀಗೇ ಆಗಿತ್ತು. ಒಬ್ಬರು ಮಗಳ ಭರತನಾಟ್ಯದ ಗೆಜ್ಜೆ ಇಡಲು ಡಬ್ಬಿ ಕೇಳಿದ್ದರು. ಅಂಚಿಗೆಲ್ಲ ಬೆಂಕಿ ತೋರಿಸಿ ಮಿರಮಿರ ಮಿಂಚಿಸಿ, ಆಮೇಲೆ ಅಂಟಿಸಿ, ಬೆರಳಚ್ಚು ಹೋಗಲಿ ಅಂತ ಸ್ಪಿರಿಟ್ಟಿನಿಂದ ಒರೆಸಿ ಇಟ್ಟೆ. ಬೆಳಗ್ಗೆ ನೋಡಿದರೆ ಬೇಸಿಗೆಯ ಕೆರೆಯಂಗಳ. ಇಡೀ ಡಬ್ಬಿ ಮತ್ತೆ ಮಾಡಿದೆ.

ಆದದ್ದು ಇಷ್ಟು. ಅಂಚಿನ ಮೇಲ್ಪದರ ಕಾದು, ಬೇಗ ತಣಿದು ಕುಗ್ಗುತ್ತದೆ. ಒಳಗಿನದು ತಣ್ಣಗೇ ಇರುವುದರಿಂದ ಕುಗ್ಗಲು ಬಿಡುವುದಿಲ್ಲ. ಆ ಎಳೆದಾಟ ಅಂಚಿನಲ್ಲಿ ಬಿಗಿಯಾಗಿ ಉಳಿದುಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸ್ಪಿರಿಟ್, ತಿನ್ನರ್, ಕ್ಲೋರೋಫಾರ್ಮ್ ಏನಾದರೂ ತಾಗಿದ ಕೂಡಲೇ ಆ ಬಿಗಿ ಬಿರುಕಾಗಿ ಬಿಚ್ಚಿಕೊಳ್ಳುತ್ತದೆ. 2020ರಲ್ಲಿ ಕೋವಿಡ್ ಕಾಲಕ್ಕೆ ಅಂಗಡಿ ಕೌಂಟರುಗಳ ಮುಂದೆ ಅಕ್ರಿಲಿಕ್ ಪರದೆ ನಿಂತವಲ್ಲ, ದಿನಕ್ಕೆ ನಾಲ್ಕು ಸಲ ಸ್ಯಾನಿಟೈಸರ್ ಹಾಕಿ ಒರೆಸಿದ ಕಡೆ ಅಂಚು, ತೂತಿನ ಸುತ್ತ ಬಿರುಕು ಬಿಟ್ಟದ್ದು ಇದೇ ಕಾರಣಕ್ಕೆ.

ಬಿಗಿ ತೆಗೆಯಲು ದಾರಿ ಇದೆ. ತುಂಡನ್ನು ಗಾಳಿ ತಿರುಗುವ ಓವನ್ನಿನಲ್ಲಿ ಸುಮಾರು 80 ಡಿಗ್ರಿಯಲ್ಲಿ ಇಡಬೇಕು. ತೆಳು ಶೀಟಿಗೂ ಎರಡು ಗಂಟೆ, ದಪ್ಪ ಹೆಚ್ಚಿದಷ್ಟೂ ಹೆಚ್ಚು ಹೊತ್ತು. ಆಮೇಲೆ ಬಾಗಿಲು ತೆಗೆಯದೆ ನಿಧಾನವಾಗಿ ಆರಲು ಬಿಡಬೇಕು. ಮನೆಯ ಅಡುಗೆ ಓವನ್ನಿನಲ್ಲಿ ಬೇಡ. ಅದರ ಉಷ್ಣಾಂಶ ಏರಿಳಿಯುತ್ತದೆ, ಮತ್ತೆ ಅದರಲ್ಲೇ ಕೇಕು ಬೇಯಿಸುವವರು ನೀವು.

ಒರೆಸಲು ಸೋಪು ನೀರು, ಮೆತ್ತನೆ ಹತ್ತಿ ಬಟ್ಟೆ. ಗಾಜು ಒರೆಸುವ ಸ್ಪ್ರೇ ಕೂಡ ಬೇಡ.

ಅಂಟಿಸುವ ಅಂಚಿಗೂ ಪಾಲಿಶ್ ಮಾಡಬೇಕಾ?

ಬೇಡ! ಕೆಲಸ ಶುರು ಮಾಡುವ ಮೊದಲೇ ಪ್ರತಿ ಅಂಚಿನ ಕಾಗದದ ಮೇಲೆ ಪೆನ್ನಿನಲ್ಲಿ ಬರೆಯಿರಿ: ಇದು ಅಂಟುವ ಅಂಚು, ಇದು ಕಾಣುವ ಅಂಚು. ನಾನು "ಅಂ", "ಕಾ" ಅಂತ ಗುರುತು ಹಾಕುತ್ತೇನೆ.

ಅಂಟುವ ಅಂಚಿಗೆ ಬೇಕಾದ್ದು ಮಟ್ಟ, ಹೊಳಪಲ್ಲ. ಹೆರೆದು ನಿಲ್ಲಿಸಿ. ಬಫ್ ಹಿಡಿದರೆ ಎರಡು ಬದಿ ದುಂಡಗಾಗಿ, ಜೋಡಿಸಿದಾಗ ನಡುವೆ ಸಂದಿ ಉಳಿದು ಗುಳ್ಳೆ ಬರುತ್ತದೆ. ಬೆಂಕಿ ಹಿಡಿದರೆ ಬಿರುಕಿನ ಕಥೆ ಆಗಲೇ ಹೇಳಿದೆ.

ನಮ್ಮ ಕಡೆ ಎಷ್ಟೋ ವರ್ಕ್‌ಶಾಪುಗಳಲ್ಲಿ ಬಳಸುವುದು ಕ್ಲೋರೋಫಾರ್ಮ್. ಅದು ಅಂಟಲ್ಲ. ಎರಡೂ ಕಡೆಯನ್ನು ಸ್ವಲ್ಪ ಕರಗಿಸಿ ಒಂದನ್ನೊಂದು ಬೆಸೆಯುತ್ತದೆ. ತುಂಡುಗಳನ್ನು ಜೋಡಿಸಿ ನಿಲ್ಲಿಸಿ, ಸಂದಿಗೆ ಸಿರಿಂಜಿನ ಸೂಜಿ ತಾಗಿಸಿದರೆ ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಉದ್ದಕ್ಕೂ ಎಳೆದುಕೊಳ್ಳುತ್ತದೆ. ಸಂದಿ ಒಂದೇ ಸಮ ಇದ್ದರೆ ಮಾತ್ರ. ಒಂದು ನಿಮಿಷ ಅಲುಗಾಡಿಸದೆ ಹಿಡಿಯಿರಿ, ಪೂರ್ತಿ ಬಲ ಬರಲು ಒಂದು ದಿನ ಬಿಡಿ. ಇದರ ಆವಿ ಯಕೃತ್ತಿಗೆ, ಮೂತ್ರಪಿಂಡಕ್ಕೆ ಕೆಟ್ಟದ್ದು. ಕಿಟಕಿ ತೆಗೆದು, ಫ್ಯಾನು ಆವಿಯನ್ನು ಹೊರಗೆ ತಳ್ಳುವಂತೆ ಇಟ್ಟು ಕೆಲಸ ಮಾಡಿ. ಬಟ್ಟೆಯ ಮಾಸ್ಕು ಇದಕ್ಕೆ ಉಪಯೋಗ ಇಲ್ಲ.

ತಕ್ಷಣ ಹಿಡಿಯುವ ಸೂಪರ್ ಗ್ಲೂ ಹಚ್ಚಿದರೆ ಸುತ್ತ ಬಿಳಿ ಬೂಷ್ಟು ಹಿಡಿದ ಹಾಗೆ ಕಾಣುತ್ತದೆ. ಪಾರದರ್ಶಕ ಕೆಲಸಕ್ಕೆ ಬೇಡ.

ಲೇಸರ್‌ನಲ್ಲಿ ಕತ್ತರಿಸಿದರೆ ಇಷ್ಟೆಲ್ಲ ರಗಳೆ ಇಲ್ಲ, ಅಲ್ವಾ?

ಬಹಳ ಮಟ್ಟಿಗೆ ನಿಜ. ಸಿಒ2 ಲೇಸರ್ ಕತ್ತರಿಸುತ್ತಲೇ ಅಂಚನ್ನು ಕರಗಿಸಿ ಹೊಳಪು ಕೊಟ್ಟುಬಿಡುತ್ತದೆ. ದಪ್ಪ ಶೀಟಿನಲ್ಲಿ ನೆಟ್ಟಗೆ ಸಣ್ಣ ಗೆರೆಗಳು ಉಳಿಯುತ್ತವೆ. ಆದರೆ ಇದೂ ಬಿಸಿಯಿಂದ ಆದ ಅಂಚೇ. ಸ್ಪಿರಿಟ್ ತಾಗಿಸಿದರೆ ಇದೂ ಬಿರುಕು ಬಿಡುತ್ತದೆ. ಕ್ಲೋರೋಫಾರ್ಮ್ ಹಾಕಿ ಅಂಟಿಸುವುದಾದರೆ ಲೇಸರ್ ಅಂಚನ್ನೂ ಒಮ್ಮೆ ಹೆರೆಯುವುದು ಒಳ್ಳೆಯದು.

ಆನ್‌ಲೈನಿನಲ್ಲಿ ಸಿಗುವ ಸಣ್ಣ ನೀಲಿ ಡಯೋಡ್ ಲೇಸರ್ ತಗೊಂಡು ಕರೆ ಮಾಡುವವರು ಈಗ ಜಾಸ್ತಿ. ಪಾರದರ್ಶಕ ಅಕ್ರಿಲಿಕ್ ಅದರಲ್ಲಿ ಕತ್ತರಿಸುವುದಿಲ್ಲ. ಕಿಟಕಿಯಿಂದ ಬಿಸಿಲು ಹಾದ ಹಾಗೆ ನೀಲಿ ಬೆಳಕು ಶೀಟಿನ ಮೂಲಕ ಹಾದುಹೋಗುತ್ತದೆ.

ಪಿವಿಸಿಯನ್ನು ಯಾವ ಲೇಸರಿಗೂ ಇಡಬೇಡಿ. ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ನಿಮ್ಮ ಶ್ವಾಸಕೋಶವೂ ಹಾಳು, ಯಂತ್ರವೂ ಹಾಳು.

ಕನ್ನಡ ಅಕ್ಷರ ಕತ್ತರಿಸಿ ಅಂಚು ಪಾಲಿಶ್ ಮಾಡುವುದು ಇಂಗ್ಲಿಷ್ ಅಕ್ಷರಕ್ಕಿಂತ ಕಷ್ಟವಾ?

ಈ ಪ್ರಶ್ನೆ ನನಗೆ ಬಲು ಇಷ್ಟ. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಎಂಬ ಕಾನೂನು 2024ರಲ್ಲಿ ಬಂದ ಮೇಲೆ ಇದನ್ನು ಕೇಳುವವರೂ ಹೆಚ್ಚಾದರು.

ಅಕ್ರಿಲಿಕ್‌ನಲ್ಲಿ ಬಿರುಕು ಹುಟ್ಟುವುದು ಒಳಮೂಲೆಯಲ್ಲಿ. ಎಲ್, ಇ, ಎಫ್ ಇವುಗಳಿಗೆ ಚೂಪು ಒಳಮೂಲೆ ಇದೆ. ನಮ್ಮ ಅಕ್ಷರಗಳು ಹುಟ್ಟಾ ದುಂಡು. ರ, ಠ, ಂ ಇವಕ್ಕೆ ಮೂಲೆಯೇ ಇಲ್ಲ. ಬಾಳಿಕೆಯ ಲೆಕ್ಕದಲ್ಲಿ ಕನ್ನಡ ಲಿಪಿ ಅಕ್ರಿಲಿಕ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಕಷ್ಟ ಇರುವುದು ಬೇರೆ ಕಡೆ. ತಲೆಕಟ್ಟು ಅಕ್ಷರವನ್ನು ಸೇರುವ ಜಾಗ ತೆಳ್ಳಗಿರುತ್ತದೆ, ಅಲ್ಲಿ ಚೂಪು ಸಂದಿಯೂ ಬರುತ್ತದೆ. ಬೆಂಕಿ ಪಾಲಿಶ್ ಮಾಡಿದರೆ ಆ ಕತ್ತು ಎರಡು ಕಡೆಯಿಂದ ಕಾದು ಬಾಗುತ್ತದೆ. ಅಲ್ಲಿ ಡಿಸೈನ್ ಮಾಡುವಾಗಲೇ ಶೀಟಿನ ದಪ್ಪದಷ್ಟಾದರೂ ಅಗಲ ಬಿಡಿಸಿ, ಸಂದಿಯನ್ನು ದುಂಡಗೆ ಮಾಡಿಸಿ. ಠ ಒಳಗಿನ ಚುಕ್ಕಿ, ಕೆಲವು ಫಾಂಟುಗಳಲ್ಲಿ ಒತ್ತಕ್ಷರ ಬೇರೆ ತುಂಡಾಗಿ ಉದುರುತ್ತವೆ, ಎಣಿಸಿಟ್ಟುಕೊಳ್ಳಿ. ಒಮ್ಮೆ ಒತ್ತು ಕಳೆದು ಹೋಗಿ ಒಬ್ಬರ ಅಂಗಡಿಯ ಹೆಸರೇ ಬೇರೆ ಅರ್ಥಕ್ಕೆ ಹೋಗಿತ್ತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬ, ಣ ಅಂಥ ಅಕ್ಷರಗಳ ಒಳಸುರುಳಿಗೆ ಬಫ್ ಚಕ್ರ ಹೋಗುವುದಿಲ್ಲ. ಕೋಲಿಗೆ ವಾಟರ್ ಪೇಪರ್ ಸುತ್ತಿ ತೀಡುವುದು, ಇಲ್ಲವೇ ಲೇಸರ್ ಕೊಟ್ಟ ಹೊಳಪಿಗೇ ತೃಪ್ತಿಪಡುವುದು. ನಾನು ಎರಡನೆಯದನ್ನೇ ಮಾಡುತ್ತೇನೆ.

ಮೂಲೆ ದುಂಡಗೆ ಮಾಡುವುದು, ಅಂಚಿಗೆ ಓರೆ ಕೊಡುವುದು ಹೇಗೆ?

ಮೂಲೆಗೆ ಹತ್ತು ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆಯಿರಿ. ಅದರ ಅಗಲ 27 ಎಂಎಂ, ಮೇಜಿನ ಮೇಲಿಡುವ ಫಲಕಕ್ಕೆ ಒಳ್ಳೆಯ ದುಂಡು. ದೊಡ್ಡ ಮೂಲೆಗೆ ಬಳೆ. ಮೂಲೆಯನ್ನು ಓರೆಯಾಗಿ ಕತ್ತರಿಸಿ, ಅರದಿಂದ ಗೆರೆಯ ತನಕ ತನ್ನಿ. ಅರವನ್ನು ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಚಕ್ಕೆ ಏಳುತ್ತದೆ.

ಓರೆ, ದುಂಡು ಅಂಚಿಗೆ ಬಡಗಿಗಳ ಹತ್ತಿರ ಇರುವ, ಅಂಚು ಕೊರೆಯುವ ಕೈಯಂತ್ರ ಟ್ರಿಮ್ಮರ್ ಸಾಕು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಟ್ಟುಗಳು ಸಿಗುತ್ತವೆ. ಬೇರಿಂಗ್ ಇರುವ, ಹೊಸ, ಚೂಪಾದ ಕಾರ್ಬೈಡ್ ಬಿಟ್ಟು ಬೇಕು. ತುಂಡಿನ ಹೊರ ಅಂಚಿನ ಸುತ್ತ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಹೋಗಿ. ಒಳಗಿನ ತೂತಿನ ಅಂಚಾದರೆ ಮುಳ್ಳಿನ ದಿಕ್ಕಿನಲ್ಲಿ. ಇದು ತಿರುವುಮುರುವಾದರೆ ಯಂತ್ರ ಕೈಯಿಂದ ಓಡುತ್ತದೆ. ಒಂದೇ ಸಲಕ್ಕೆ ಪೂರ್ತಿ ತೆಗೆಯದೆ ಮೂರು ಸಲ ಮಾಡಿ. ನಿಂತರೆ ಸುಡುತ್ತದೆ, ಓಡಿದರೆ ಚಕ್ಕೆ. ಹೊರಗೆ ಬೀಳುವುದು ಒಣ ಚಕ್ಕೆಯಾಗಿದ್ದರೆ ನಿಮ್ಮ ವೇಗ ಸರಿ.

ಏನೂ ಮಾಡದಿದ್ದರೂ ಪ್ರತಿ ಅಂಚಿನ ಎರಡೂ ಬದಿಯ ಚೂಪಿಗೆ 400 ಪೇಪರಿನಲ್ಲಿ ಒಂದೊಂದು ಸಲ ಸವರಿ. ಹೊಸದಾಗಿ ಹೆರೆದ ಅಕ್ರಿಲಿಕ್ ಅಂಚು ಬೆರಳು ಕೊಯ್ಯುತ್ತದೆ.

ಸ್ಕ್ರೂ ಹಾಕಿದ ತೂತಿನಿಂದಲೇ ಬಿರುಕು ಶುರುವಾಗುತ್ತದೆ, ಯಾಕೆ?

ತೂತಿಗೂ ಅಂಚಿದೆ. ಅದನ್ನು ಯಾರೂ ತಿದ್ದುವುದಿಲ್ಲ.

ಕಬ್ಬಿಣದ ಡ್ರಿಲ್ ಬಿಟ್ಟಿನ ಮೂತಿ ಅಗಲ, ಆಚೆ ಬದಿಗೆ ಹೊರಬರುವಾಗ ಕಚ್ಚಿ ಎಳೆಯುತ್ತದೆ. ಹಿಂದೆ ಮರದ ತುಂಡು ಒತ್ತಿ ಹಿಡಿದು, ಕೊನೆಯಲ್ಲಿ ಕೈ ಹಗುರ ಮಾಡಿ. ಎರಡೂ ಬದಿಗೆ, ತೂತಿನ ಬಾಯಿಗೆ ಓರೆ ಕೊಡುವ ಕೌಂಟರ್‌ಸಿಂಕ್ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ತೂತು ಸ್ಕ್ರೂಗಿಂತ ದೊಡ್ಡದಿರಲಿ. ಒಂದು ಮೀಟರ್ ಉದ್ದದ ಅಕ್ರಿಲಿಕ್ 20 ಡಿಗ್ರಿ ಬಿಸಿಯಾದರೆ ಸುಮಾರು 1.4 ಎಂಎಂ ಹಿಗ್ಗುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ನೇತಾಡುವ ಫಲಕಕ್ಕೆ ಆ ಜಾಗ ಬೇಕೇ ಬೇಕು. ಸ್ಕ್ರೂ ಕೆಳಗೆ ರಬ್ಬರ್ ವಾಷರ್ ಇಡಿ, ಬಿಗಿಯಾಗಿ ತಿರುಚಬೇಡಿ.

ಪಾಲಿಕಾರ್ಬೊನೇಟ್ ಅಂಚಿಗೂ ಇದೇ ಕ್ರಮವಾ?

ಹೆರೆಯುವುದು, ಪೇಪರ್, ಮೆಲ್ಲಗೆ ಬಫ್, ಅಲ್ಲಿಗೆ ಮುಗಿಯಿತು. ಬೆಂಕಿ ಬೇಡ, ಒಳಗೆ ಹೀರಿಕೊಂಡ ತೇವ ಕುದಿದು ಗುಳ್ಳೆ ಏಳುತ್ತದೆ. ಲೇಸರ್ ಹಾಕಿದರೆ ಕಂದು ಬಣ್ಣಕ್ಕೆ ತಿರುಗಿ ಮಸಿ ಹಿಡಿಯುತ್ತದೆ. ಅಕ್ರಿಲಿಕ್ ಅಂಚಿನ ಕನ್ನಡಿ ಹೊಳಪು ಇದರಿಂದ ಕೇಳಬೇಡಿ. ಇದನ್ನು ತಗೊಳ್ಳುವುದೇ ಒಡೆಯಬಾರದು ಅಂತ.

ಬಗ್ಗಿಸುವ ಮೊದಲು ಪಾಲಿಶ್ ಮಾಡಬೇಕಾ, ಬಗ್ಗಿಸಿದ ಮೇಲಾ?

ಮೊದಲು. ಬಗ್ಗಿಸಿದ ಮೇಲೆ ವೈಸಿಗೂ ಸಿಗುವುದಿಲ್ಲ, ಟೈಲ್ಸಿನ ಮೇಲೂ ಕೂರುವುದಿಲ್ಲ. ಅಷ್ಟೇ ಅಲ್ಲ, ಗರಗಸದ ಗೀರು ಹಾಗೇ ಇದ್ದರೆ ಮಡಿಕೆಯ ತುದಿಯಲ್ಲಿ ಅಲ್ಲಿಂದಲೇ ಸೀಳುತ್ತದೆ. ಬಿಸಿ ತಂತಿಯ ಮೇಲೆ 150ರಿಂದ 160 ಡಿಗ್ರಿಗೆ ತಂದು ಬಗ್ಗಿಸಿ.

ಎಲ್ಇಡಿ ಹಾಕಿದ ನಾಮಫಲಕದಲ್ಲಿ ಅಕ್ಷರ ಸರಿಯಾಗಿ ಬೆಳಗುತ್ತಿಲ್ಲ.

ಎಲ್ಇಡಿ ತಾಗುವ ಅಂಚಿಗೆ ಪಾಲಿಶ್ ಮಾಡಿದ್ದೀರಾ? ಬೆಳಕು ಒಳಗೆ ಹೋಗುವ ಬಾಗಿಲೇ ಅದು. ಒಳಗೆ ಹೋದ ಬೆಳಕು ಎರಡು ಮುಖಗಳ ನಡುವೆ ಪುಟಿಯುತ್ತ ಓಡುತ್ತದೆ. ಕೊರೆದ ಗೆರೆ ಸಿಕ್ಕ ಕಡೆ ಹೊರಗೆ ಬಂದು ಅಕ್ಷರ ಬೆಳಗಿಸುತ್ತದೆ, ಉಳಿದದ್ದು ಆಚೆ ಅಂಚಿನಿಂದ ಸೋರಿಹೋಗುತ್ತದೆ. ಅಲ್ಲಿಗೆ ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಟೇಪು ಅಂಟಿಸಿದರೆ ಅದರಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಕೆಲವರಿಗೆ ಅಂಚೂ ಬೆಳಗಬೇಕು ಅಂತ ಆಸೆ. ಹಾಗಿದ್ದರೆ ಆ ಅಂಚನ್ನು 400 ಪೇಪರಿನಲ್ಲಿ ಮಂಕಾಗಿಯೇ ಬಿಡಿ.

ಹೊದಿಕೆ ಕಾಗದ ಯಾವಾಗ ತೆಗೆಯಬೇಕು?

ಕೊಡುವ ದಿನ. ಬಿಸಿಲಿಗೆ ಬಿದ್ದು ಕಾಗದ ಅಂಟಿಕೊಂಡುಬಿಟ್ಟಿದ್ದರೆ ಸ್ವಲ್ಪ ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಸುಲಿಯಿರಿ, ಸೋಪು ನೀರಿನಲ್ಲಿ ತೊಳೆಯಿರಿ. ಬ್ಲೇಡಿನಿಂದ ಕೆರೆಯಬೇಡಿ.

ಅಂಗಡಿಯಲ್ಲಿ ಮಾಡಿಸುವುದಾದರೆ ಏನು ಹೇಳಬೇಕು?

"ಪಾಲಿಶ್ ಮಾಡಿ" ಅಂತ ಸುಮ್ನೆ ಹೇಳಬೇಡಿ. ಯಾವ ಅಂಚು ಕಾಣುತ್ತದೆ, ಯಾವುದು ಫ್ರೇಮಿನೊಳಗೆ ಹೋಗುತ್ತದೆ ಅಂತ ಚೀಟಿಯಲ್ಲಿ ಬರೆದು ಕೊಡಿ. ಎಷ್ಟೋ ಕಡೆ ರನ್ನಿಂಗ್ ಫೂಟ್ ಲೆಕ್ಕದಲ್ಲಿ ದುಡ್ಡು. 2x3 ಅಡಿ ಫಲಕದ ನಾಲ್ಕೂ ಬದಿ ಅಂದರೆ 10 ಅಡಿ. ಗೋಡೆಗೆ ಒತ್ತಿ ಕೂರುವ 3 ಅಡಿ ಬದಿಗೆ ಪಾಲಿಶ್ ಯಾಕೆ? ಬೆಂಕಿ ಪಾಲಿಶ್ಶಾ, ಬಫ್ಫಾ, ಡೈಮಂಡಾ ಅಂತಲೂ ಕೇಳಿ. ಡೈಮಂಡ್ ಪಾಲಿಶ್ ಅಂದರೆ ವಜ್ರದ ಮೊನೆ ಕೂರಿಸಿದ ಯಂತ್ರ ಅಂಚನ್ನು ತೆಳ್ಳಗೆ ಕೊಯ್ಯುತ್ತ ಹೋಗುವುದು. ಅಂಚು ಹೆಚ್ಚು ಬಿಸಿಯಾಗುವುದಿಲ್ಲ, ಮೂಲೆ ಚೂಪಾಗಿ ಉಳಿಯುತ್ತದೆ. ನೇರ ಅಂಚಿಗೆ, ದಪ್ಪ ಶೀಟಿಗೆ ಸಿಕ್ಕಿದರೆ ಅದನ್ನೇ ಮಾಡಿಸಿ.

ಪ್ಲಾಸ್ಟಿಕ್ ಅಂಚಿಗೆ ಇಷ್ಟೆಲ್ಲ ಮಾಡುವುದು ಜಾಸ್ತಿ ಆಯಿತು ಅನಿಸುವುದಿಲ್ಲವಾ?

ನಮ್ಮ ಅತ್ತೆಯೂ ಹೀಗೇ ಅಂದಿದ್ದರು, ಕಣ್ಣಿನ ಪೊರೆ ಆಪರೇಷನ್ ಆಗುವ ತನಕ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಸಲ ಕಣ್ಣೊಳಗೆ ಕೂರಿಸಿದ ಕೃತಕ ಲೆನ್ಸು ಇದೇ ಅಕ್ರಿಲಿಕ್‌ನದ್ದು. ಯುದ್ಧ ವಿಮಾನದ ಅಕ್ರಿಲಿಕ್ ಮುಚ್ಚಳ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರುಗಳು ಅಲ್ಲಿ ಹೆಚ್ಚು ಉಪದ್ರವ ಕೊಡದೆ ಇದ್ದದ್ದನ್ನು ಅವರು ಗಮನಿಸಿದ್ದರು. ಈಗ ಮಡಚಬಹುದಾದ ಮೆತ್ತನೆ ಲೆನ್ಸುಗಳು ಜಾಸ್ತಿ, ಆದರೂ ಗಟ್ಟಿ ಅಕ್ರಿಲಿಕ್ ಲೆನ್ಸು ಹೋಗಿಲ್ಲ. ಅಂಥ ಲೆನ್ಸಿನ ಅಂಚು ಒರಟಾಗಿದ್ದರೆ ಕಣ್ಣಿನ ಒಳಪದರ ಉಜ್ಜಿ ಗಾಯವಾಗುತ್ತದೆ. ಅದನ್ನೂ ಯಾರೋ ಕೂತು ನುಣುಪು ಮಾಡಿರುತ್ತಾರೆ. ಇದನ್ನು ಹೇಳಿದ ದಿನದಿಂದ ಅತ್ತೆ ನನ್ನ ವರ್ಕ್‌ಶಾಪಿಗೆ ಬಂದರೆ, ಮೊದಲು ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಾರೆ.